ಛತ್ರದ ಯಜಮಾನನ ಪಾಲಿನ ಕೆಲಸ

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿರುವ ಸಮಾರ್ಯದವನ ಸಾಮ್ಯವನ್ನು ಕೇಳದವರು ನಮ್ಮ ಸಭೆಗಳಲ್ಲಿ ಇಲ್ಲ. ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ಹೋದದ್ದನ್ನೂ, ಸಮಾರ್ಯದವನು ಗಾಯಗಳಿಗೆ ಎಣ್ಣೆ ಹೊಯ್ದು ಕಟ್ಟಿದ್ದನ್ನೂ ಮಕ್ಕಳು ಸಹ ಬಾಯಿಪಾಠವಾಗಿ ಹೇಳುತ್ತಾರೆ. ಆದರೆ ಆ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ಅವನಿಗೆ ಹೆಸರಿಲ್ಲ, ಮಾತಿಲ್ಲ. ಅವನನ್ನು ಕುರಿತು ಪ್ರಸಂಗ ಮಾಡಿದವರನ್ನು ನಾವು ಕಂಡದ್ದು ಕಡಿಮೆ. ಅವನೇ ಛತ್ರದ ಯಜಮಾನನು. ಸಮಾರ್ಯದವನು ಒಂದು ರಾತ್ರಿ ಇದ್ದು, ಮರುದಿನ ಎರಡು ಬೆಳ್ಳಿಯ ನಾಣ್ಯಗಳನ್ನು ಕೊಟ್ಟು ತನ್ನ ದಾರಿ ಹಿಡಿದನು. ಆ ಮೇಲಿನ ದಿನಗಳಲ್ಲಿ ಗಾಯಾಳುವಿಗೆ ಗಂಜಿ ಕುಡಿಸಿದವರು ಯಾರು? ಅವನು ತನ್ನ ಕಾಲ ಮೇಲೆ ತಾನು ನಿಲ್ಲುವ ತನಕ ಕಾದುಕೊಂಡಿದ್ದವರು ಯಾರು? ಈ ತಿಂಗಳಿನ ಪಾಠದಲ್ಲಿ ಆ ಛತ್ರದವನ ಕೆಲಸವನ್ನು ಕುರಿತು, ಅದೂ ಒಂದು ವಿಶೇಷವಾದ ರೋಗದ ಸಂಬಂಧವಾಗಿ, ಯೋಚಿಸೋಣ.

ಆ ರೋಗವು ಯಾವದೆಂದರೆ, ಮನೆಯಲ್ಲಿ ಅನ್ನವಿದ್ದರೂ ಪ್ರಾಯದ ಹುಡುಗಿಯೋ ಹುಡುಗನೋ ಉಣ್ಣಲೊಲ್ಲದೆ ಕ್ಷೀಣಿಸುವದು. ಇಲ್ಲವೆ ಕದ್ದು ಅತಿಯಾಗಿ ತಿಂದು ವಾಂತಿ ಮಾಡಿಕೊಳ್ಳುವದು. ಡಾಕ್ಟರುಗಳು ಇದನ್ನು ಈಟಿಂಗ್ ಡಿಸಾರ್ಡರ್ ಅನ್ನುತ್ತಾರೆ. ನಾವು ಊಟ ಒಲ್ಲದ ರೋಗವೆಂದು ಹೇಳೋಣ. ಹಳ್ಳಿಯವರಾದ ನಮಗೆ ಇದು ನಂಬಲಾಗದ ಮಾತು. ಹಸಿವೆಂದರೆ ಹೊರಗಿನಿಂದ ಬರುವ ಶತ್ರುವೆಂದೇ ನಾವು ಬಲ್ಲೆವು. 1876ರಿಂದ 1878ರ ವರೆಗೆ ಮೈಸೂರು ಸೀಮೆಯನ್ನು ಹಾಳುಮಾಡಿದ ಧಾತು ಈಶ್ವರದ ಬರದಲ್ಲಿ ಲಕ್ಷಾಂತರ ಜನರು ಸತ್ತರು. ತಬ್ಬಲಿಗಳಾದ ಮಕ್ಕಳನ್ನು ಆಗ ಮಿಷನ್ನಿನವರು ಸಾಕಿದರು. ಆ ಮಕ್ಕಳ ಮೊಮ್ಮಕ್ಕಳ ಮಕ್ಕಳು ಈ ಹೊತ್ತಿಗೂ ನಮ್ಮ ಸಭೆಗಳಲ್ಲಿದ್ದಾರೆ. ಇಂಥ ವಂಶದವರ ಮನೆಯಲ್ಲಿ ಒಂದು ಹುಡುಗಿ ತಟ್ಟೆಯನ್ನು ದೂರ ತಳ್ಳಿದರೆ ಮೊದಲು ಬರುವ ಮಾತು ಕೋಪದ ಮಾತೇ. ಸೊಕ್ಕು ಅನ್ನುತ್ತಾರೆ, ಪಟ್ಟಣದ ಚಾಳಿ ಅನ್ನುತ್ತಾರೆ, ಮದುವೆಯ ಮಾತಿಗೆ ಹಟ ಹಿಡಿದಿದ್ದಾಳೆ ಅನ್ನುತ್ತಾರೆ, ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುವವರು ಸಭೆಯವರಲ್ಲಿಯೂ ಇಲ್ಲವೆಂದು ಹೇಳಲಾರೆವು. ಇವುಗಳಲ್ಲಿ ಒಂದೂ ನಿಜವಲ್ಲ. ಇದು ರೋಗ, ಮನಸ್ಸಿನ ರೋಗಗಳೆಲ್ಲಾ ಸೇರಿದರೆ ಹೆಚ್ಚಾಗಿ ಪ್ರಾಣ ತೆಗೆಯುವವುಗಳಲ್ಲಿ ಒಂದು.

ರೋಗವು ಹೊಸದೂ ಅಲ್ಲ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯನೂ ಪ್ಯಾರಿಸ್ಸಿನ ಲಾಸೇಗ್ ಎಂಬ ವೈದ್ಯನೂ, ಒಬ್ಬರನ್ನೊಬ್ಬರು ಕೇಳದೆಯೇ, ಇದನ್ನು ವಿವರಿಸಿದರು. ಅನೋರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ಇಟ್ಟವನು ಗಲ್. ದಪ್ಪಗಾದೇನೆಂಬ ಭಯವು ಇದರ ಮುಖ್ಯ ಗುರುತೆಂದು ಪುಸ್ತಕಗಳಲ್ಲಿ ಬರೆದಿದೆ. ಆದರೆ ನಮ್ಮ ದೇಶದ ಮಕ್ಕಳಲ್ಲಿ ಅನೇಕರು ಆ ಮಾತನ್ನೇ ಆಡುವದಿಲ್ಲ. ಹೊಟ್ಟೆ ಉಬ್ಬುತ್ತದೆ, ಎರಡು ತುತ್ತಿಗೇ ತುಂಬಿ ಬರುತ್ತದೆ, ಸೇರುವದಿಲ್ಲ ಎಂದು ಹೇಳುತ್ತಾರೆ. ಆದದರಿಂದ ಮೊದಲು ಕ್ಷಯ, ಥೈರಾಯಿಡ್, ಹೊಟ್ಟೆಯ ಹುಣ್ಣು ಮುಂತಾದವು ಇಲ್ಲವೆಂದು ಡಾಕ್ಟರು ಪರೀಕ್ಷಿಸಿ ನೋಡತಕ್ಕದ್ದು. ಮನೆಯವರು ಗಮನಿಸಬೇಕಾದ ಗುರುತುಗಳು ಬೇರೆ ಇವೆ: ಎಲ್ಲರೊಂದಿಗೆ ಪಂಕ್ತಿಯಲ್ಲಿ ಕೂಡದೆ ಆಮೇಲೆ ಉಣ್ಣುತ್ತೇನೆಂದು ಜಾರಿಕೊಳ್ಳುವದು, ಮುದ್ದೆಯನ್ನು ತಟ್ಟೆಯಲ್ಲಿಯೇ ಮುರಿದು ಹರಡಿಟ್ಟು ಉಂಡಂತೆ ತೋರಿಸುವದು, ಊಟವಾದ ಕೂಡಲೆ ಬಚ್ಚಲಿಗೆ ಹೋಗುವದು, ಬೇಸಗೆಯಲ್ಲಿಯೂ ಚಳಿಯೆನ್ನುವದು, ಮುಟ್ಟು ನಿಂತುಹೋಗುವದು, ಏಳುವಾಗ ತಲೆ ತಿರುಗುವದು, ಬಲವಿಲ್ಲದಿದ್ದರೂ ಸುಮ್ಮನಿರದೆ ಓಡಾಡುತ್ತಲೇ ಇರುವದು.

ಉಪವಾಸದ ವಿಷಯವಾಗಿ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಶ್ರಮೆಯ ದಿನಗಳಲ್ಲಿ ಉಪವಾಸವನ್ನು ಹಿಡಿದ ಹುಡುಗಿಯು ಈಸ್ಟರ್ ಹಬ್ಬ ಕಳೆದ ಮೇಲೆಯೂ ಬಿಡದಿದ್ದರೆ ಹಿರಿಯರು ಅದನ್ನು ಭಕ್ತಿಯೆಂದು ಹೊಗಳಬಾರದು. ಯಾಯಿರನ ಮಗಳು ಹನ್ನೆರಡು ವರ್ಷದವಳು. ಅವಳನ್ನು ಎಬ್ಬಿಸಿದ ಮೇಲೆ ಕರ್ತನು ಮನೆಯವರಿಗೆ ಹೇಳಿದ ಕೆಲಸವು ಅವಳಿಗೆ ಊಟ ಕೊಡುವದೇ ಆಗಿತ್ತೆಂಬದನ್ನು ಮಾರ್ಕನು ಬರೆದಿಟ್ಟಿದ್ದಾನೆ.

ಇದು ಶ್ರೀಮಂತರ ಮನೆಗಳ ಕಾಯಿಲೆ, ಪರದೇಶದ ಕಾಯಿಲೆ ಎಂದು ತಿಳಿಯುವವರು ನಮ್ಮ ಮೈಸೂರಿನಲ್ಲಿಯೇ ಆದ ಒಂದು ವಿಚಾರಣೆಯನ್ನು ಕೇಳಬೇಕು. ನಗರದಲ್ಲಿ ಓದುತ್ತಿದ್ದ 15ರಿಂದ 25 ವರ್ಷದ 1,600 ಮಂದಿ ವಿದ್ಯಾರ್ಥಿಗಳಿಗೆ ಊಟವನ್ನು ಕುರಿತ 26 ಪ್ರಶ್ನೆಗಳ ಒಂದು ಪಟ್ಟಿಯನ್ನು ಕೊಟ್ಟು ಉತ್ತರಗಳನ್ನು ಪಡೆದರು. ಅದರ ವರದಿಯು 2018ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ ಎಂಬ ಪತ್ರಿಕೆಯಲ್ಲಿ ಬಂದಿತು. ನೂರಕ್ಕೆ ಸುಮಾರು 26 ಮಂದಿಯ ಉತ್ತರಗಳು ಈ ರೋಗದ ಕಡೆಗೆ ವಾಲಿದ್ದವು, ಹುಡುಗಿಯರಲ್ಲಿ ಹೆಚ್ಚು. ವಾಲಿದವರೆಲ್ಲರೂ ರೋಗಿಗಳೆಂದು ತಿಳಿಯಬಾರದು. ಮೋಡ ಕವಿದಲ್ಲೆಲ್ಲಾ ಮಳೆ ಬೀಳುವದಿಲ್ಲ. ಆದರೂ ಹಳ್ಳಿಗಳಿಂದ ಓದಲಿಕ್ಕೆಂದು ಹೋಗಿ ಹಾಸ್ಟೆಲುಗಳಲ್ಲಿಯೂ ಬಾಡಿಗೆ ಕೋಣೆಗಳಲ್ಲಿಯೂ ಇರುವ ನಮ್ಮ ಮಕ್ಕಳು ಆ ವಯಸ್ಸಿನವರೇ ಅಲ್ಲವೇ? ಅಲ್ಲಿ ಅವರು ಉಂಡರೋ ಬಿಟ್ಟರೋ ನೋಡುವವರಿಲ್ಲ.

ಬುದ್ಧಿ ಹೇಳಿದರೆ ಸಾಲದೇ, ಆಸ್ಪತ್ರೆಯೂ ಮನೆಯೂ ಯಾಕೆ ಬೇಕು ಎಂದು ಕೇಳುವವರಿಗೆ ಅಮೆರಿಕದ ಒಂದು ದೃಷ್ಟಾಂತವನ್ನು ಹೇಳುತ್ತೇವೆ. 1944ರ ಕೊನೆಯಲ್ಲಿ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, ಮಿನ್ನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ಪಂಡಿತನು 36 ಮಂದಿ ಯುವಕರ ಮೇಲೆ ಹಸಿವಿನ ಪರೀಕ್ಷೆಯನ್ನು ಆರಂಭಿಸಿದನು. ಅವರು ಮನಸ್ಸಾಕ್ಷಿಯ ನಿಮಿತ್ತ ಆಯುಧ ಹಿಡಿಯಲೊಲ್ಲದವರು. ಅನೇಕರು ಕ್ವೇಕರ್, ಬ್ರೆದ್ರೆನ್, ಮೆನ್ನೊನೈಟ್ ಸಭೆಗಳವರು. ಯುದ್ಧದಲ್ಲಿ ಹಸಿದ ದೇಶಗಳಿಗೆ ಉಪಯೋಗವಾಗಲೆಂದು ತಾವಾಗಿಯೇ ಒಪ್ಪಿಕೊಂಡರು. ಆರು ತಿಂಗಳು ಅರೆಹೊಟ್ಟೆಯಲ್ಲಿ ಇದ್ದು ತಮ್ಮ ತೂಕದ ಸುಮಾರು ಕಾಲು ಭಾಗವನ್ನು ಕಳೆದುಕೊಂಡರು. ಆಗ ಏನಾಯಿತೆಂದರೆ, ದೃಢಮನಸ್ಸಿನವರಾದ ಆ ಯುವಕರು ಹಗಲೂ ರಾತ್ರಿಯೂ ಅನ್ನದ ಯೋಚನೆಯಲ್ಲಿಯೇ ಮುಳುಗಿದರು. ಅಡಿಗೆಯ ಪುಸ್ತಕಗಳನ್ನು ಕೂಡಿಹಾಕಿ ಓದಿದರು, ಒಂದು ತಟ್ಟೆ ಊಟವನ್ನು ತಾಸುಗಟ್ಟಲೆ ಕೆದಕುತ್ತಾ ಕೂತರು, ಸ್ನೇಹಿತರನ್ನು ದೂರಮಾಡಿದರು, ಖಿನ್ನರಾದರು. ಊಟವನ್ನು ಹೆಚ್ಚಿಸಿದ ಮೇಲೆಯೂ ಮನಸ್ಸು ಸ್ಥಿಮಿತಕ್ಕೆ ಬರಲು ಅನೇಕ ತಿಂಗಳುಗಳು ಹಿಡಿದವು. ಊಟ ಒಲ್ಲದ ಹುಡುಗಿಯಲ್ಲಿ ನಾವು ಹಟವೆಂದು ನೋಡುವದರಲ್ಲಿ ಒಂದು ದೊಡ್ಡ ಪಾಲು ಹಸಿದ ಮಿದುಳಿನ ಕೆಲಸವೇ. ಹೊಟ್ಟೆಗೆ ಬೀಳದ ಹೊರತು ಬುದ್ಧಿವಾದವು ತಲೆಗೆ ಹತ್ತುವದಿಲ್ಲ.

ಹಾಗೆಂದು ಬಲವಂತವಾಗಿ ಒಮ್ಮೆಗೇ ತುಂಬಿಸಬಹುದೋ ಎಂದರೆ, ಕೂಡದು. ಬಹುದಿನ ಹಸಿದ ದೇಹಕ್ಕೆ ಏಕಾಏಕಿ ಹೆಚ್ಚು ಅನ್ನ ಬಿದ್ದರೆ ರಕ್ತದಲ್ಲಿರುವ ರಂಜಕದ ಅಂಶವು ಇಳಿದು ಹೃದಯವು ಕೆಡುವದುಂಟು. ಸೆರೆಯ ಪಾಳೆಯಗಳಿಂದ ಬಿಡುಗಡೆಯಾಗಿ ಬಂದವರಲ್ಲಿ ಇದನ್ನು ಯುದ್ಧದ ನಂತರ ವೈದ್ಯರು ಕಂಡರು. ಆದದರಿಂದ ತೀರಾ ಕುಗ್ಗಿದವರಿಗೆ ಮೊದಲ ದಿನಗಳು ಆಸ್ಪತ್ರೆಯಲ್ಲಿಯೇ ಕಳೆಯಬೇಕು. ರಕ್ತವನ್ನು ಮೇಲಿಂದ ಮೇಲೆ ನೋಡುತ್ತಾ ಅಳತೆಯಿಂದ ಊಟವನ್ನು ಏರಿಸಬೇಕು. ಮೈಸೂರಿನ ಕೆ. ಆರ್. ಆಸ್ಪತ್ರೆಯಲ್ಲಿಯೂ ಜೆ. ಎಸ್. ಎಸ್. ಆಸ್ಪತ್ರೆಯಲ್ಲಿಯೂ ಮನೋವೈದ್ಯರಿದ್ದಾರೆ. ಕೆಲವು ವಾರಗಳಲ್ಲಿ ನಾಡಿ ನೆಟ್ಟಗಾಗುತ್ತದೆ. ಹಾಸಿಗೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಗುತ್ತದೆ. ಮನೆಗೆ ಹೋಗಿರಿ, ವಾರಕ್ಕೊಮ್ಮೆ ಬನ್ನಿರಿ ಎಂದು ಡಾಕ್ಟರು ಹೇಳುತ್ತಾರೆ.

ಇಲ್ಲಿಯೇ ದಾರಿಯು ಮುರಿದುಬೀಳುವದು. ಗುಂಡ್ಲುಪೇಟೆಯು ಮೈಸೂರಿಗೆ ಸುಮಾರು 60 ಕಿಲೋಮೀಟರು. ಅದರಾಚೆಯ ಹಳ್ಳಿಯಿಂದ ಬರುವವರು ಮುಂಜಾನೆಯ ಬಸ್ಸು ಹಿಡಿದು, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಸರದಿ ಕಾದು, ರಾತ್ರಿಯ ಬಸ್ಸಿಗೆ ಹಿಂದಿರುಗಬೇಕು. ತಂದೆಯ ಒಂದು ದಿನದ ಕೂಲಿ ಹೋಯಿತು. ಹುಡುಗಿಯ ಮಧ್ಯಾಹ್ನದ ಊಟವೂ ಹೋಯಿತು. ರೋಗಕ್ಕೆ ಬೇಕಾದದ್ದೂ ಅದೇ. ಎರಡು ಸಾರಿ ಬಂದು ಮೂರನೆಯ ಸಾರಿ ಬರುವದಿಲ್ಲ. ಈ ರೋಗವು ಮರುಕಳಿಸುವದಾದರೆ ಆಸ್ಪತ್ರೆಯನ್ನು ಬಿಟ್ಟ ಮೊದಲ ವರ್ಷದಲ್ಲಿಯೇ ಹೆಚ್ಚಾಗಿ ಮರುಕಳಿಸುವದೆಂದು ಬಲ್ಲವರು ಹೇಳುತ್ತಾರೆ. ಲಾಡ್ಜಿನಲ್ಲಿ ಇರೋಣವೆಂದರೆ ಒಲೆಯಿಲ್ಲ, ಬಾಡಿಗೆ ನಿಭಾಯಿಸಲಾಗದು. ಹಾಸ್ಟೆಲಿನಲ್ಲಿ ಬಿಡೋಣವೆಂದರೆ ರೋಗವು ಬೆಳೆದದ್ದೇ ಅಲ್ಲಿ.

ತಾಯಿಯ ಮಾತೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಮೇರೆಗೆ, 18 ವರ್ಷ ತುಂಬದವರನ್ನು ಮನೋರೋಗದ ಚಿಕಿತ್ಸಾಲಯದಲ್ಲಿ ಸೇರಿಸಿದರೆ ದೊಡ್ಡವರಿಂದ ಬೇರೆಯಾಗಿ ಇರಿಸಬೇಕು. ಮನೆಯ ಹೊಣೆಗಾರರೊಬ್ಬರು ಕಡೆಯ ತನಕ ಜೊತೆಗಿರಬೇಕು. ಹುಡುಗಿಗೆ ಹೊಣೆಯಾದವರು ಗಂಡಸಾದರೆ ಒಬ್ಬ ಹೆಂಗಸನ್ನು ನೇಮಿಸಿ ಅವಳೊಡನೆ ಇರಿಸಬೇಕು. ನ್ಯಾಯವಾದ ಕಟ್ಟಳೆಯೇ. ಆದರೆ ತಾಯಿ ಮೈಸೂರಿನಲ್ಲಿ ಕೂತರೆ ಹಸುವಿಗೆ ಹುಲ್ಲು ಹಾಕುವವರು ಯಾರು? ಕಿರಿಯ ಮಕ್ಕಳಿಗೆ ಬೇಯಿಸಿ ಹಾಕುವವರು ಯಾರು? ಅದೇ ಕಾಯಿದೆಯು ಆಸ್ಪತ್ರೆಗೂ ಮನೆಗೂ ನಡುವೆ ತಂಗುವ ಮನೆಗಳು ಜನರಿಗೆ ದೊರೆಯುವಂತೆ ಸರಕಾರವು ಮಾಡತಕ್ಕದ್ದೆಂದು ಹೇಳುತ್ತದೆ. ಕಾಗದದ ಮೇಲೆ ಬರೆದದ್ದು ಊರೂರಿಗೆ ಬರುವದಕ್ಕೆ ಕಾಲ ಹಿಡಿಯುವದು. ಊಟ ಒಲ್ಲದ ರೋಗಕ್ಕೆಂದೇ ಮೀಸಲಾದ ಮನೆಗಳಂತೂ ನಮ್ಮ ದೇಶದಲ್ಲಿ ಬಹು ವಿರಳ.

ಆದರೂ ಮೈಸೂರಿಗೆ ಈ ಕೆಲಸವು ಅಪರಿಚಿತವಲ್ಲ. ಆ ಪಟ್ಟಣದಲ್ಲಿ ವಾರಾನ್ನವೆಂಬ ಪದ್ಧತಿಯೊಂದಿತ್ತು. ಹಳ್ಳಿಯಿಂದ ಓದಲು ಬಂದ ಬಡ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ, ಹೀಗೆ ಏಳು ಮನೆಗಳವರು ಊಟ ಹಾಕುವರು. ಯಾರ ಮೇಲೂ ಭಾರ ಬೀಳದು. ಅದು ಬಹುಮಟ್ಟಿಗೆ ಆಯಾ ಜಾತಿಯವರೊಳಗೇ ನಡೆದದ್ದು, ನಮ್ಮ ಹಿರಿಯರ ಮಕ್ಕಳಿಗೆ ಆ ಬಾಗಲುಗಳು ತೆರೆಯಲಿಲ್ಲ ಎಂಬದೂ ನಿಜ. ಆದರೂ ಉಪಾಯವು ಒಳ್ಳೆಯದೇ. ಬಾಗಲನ್ನು ನಾವು ಅಗಲ ಮಾಡಿಕೊಳ್ಳಬಹುದು. ಇನ್ನು, ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಜ್ಞಾಪಕಾರ್ಥವಾಗಿ 1921ರಲ್ಲಿ ಮೈಸೂರಿನಲ್ಲಿ ಆರೋಗ್ಯಧಾಮವು ಸ್ಥಾಪಿತವಾಯಿತು. ಕ್ಷಯಕ್ಕೆ ತಕ್ಕ ಔಷಧವು ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ ಇಂಥ ಧಾಮಗಳ ಚಿಕಿತ್ಸೆಯೆಲ್ಲಾ ಒಳ್ಳೆಯ ಗಾಳಿ, ವಿಶ್ರಾಂತಿ, ಹೊತ್ತುಹೊತ್ತಿಗೆ ಪುಷ್ಟಿಯಾದ ಊಟ. ತಿಂಗಳುಗಟ್ಟಲೆ ಇರಿಸಿಕೊಂಡು ಉಣ್ಣಿಸುವದೂ ವೈದ್ಯವೇ ಎಂಬದನ್ನು ಮೈಸೂರು ಅಂದೇ ಕಂಡಿತ್ತು.

ಮನೆಯವರನ್ನು ರೋಗಿಯೊಂದಿಗೆ ಇರಿಸಿಕೊಳ್ಳುವದರಲ್ಲಿಯೂ ನಮ್ಮ ದೇಶವು ಹಿಂದುಳಿಯಲಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾಕ್ಟರ್ ವಿದ್ಯಾಸಾಗರರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಯಲ್ಲಿ ಇರಿಸಿದರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ವಿಭಾಗದಲ್ಲಿಯೂ ಅದೇ ಪದ್ಧತಿಯು ಬೇರೂರಿತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮಕ್ಕಳೊಂದಿಗೆ ಹೆತ್ತವರೂ ಇರುತ್ತಾರೆ. ಅದೇ ಬೆಂಗಳೂರಿನಲ್ಲಿ 1960ರ ದಶಕದಲ್ಲಿ ವೈದ್ಯರೂ ಪಾದ್ರಿಗಳೂ ಕೂಡಿ ಮೆಡಿಕೋ ಪ್ಯಾಸ್ಟರಲ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ಮನೋರೋಗದಿಂದ ಚೇತರಿಸಿಕೊಳ್ಳುವವರು ಕೆಲಕಾಲ ತಂಗುವ ಮನೆಯನ್ನು ಆ ಸಂಘವು ಮುಂದೆ ತೆರೆಯಿತು. ಬೇರೆ ರೋಗದ ಸಂಬಂಧವಾಗಿ, 2006ರಲ್ಲಿ ಮುಂಬಯಿಯಲ್ಲಿ ಸೇಂಟ್ ಜೂಡ್ ಎಂಬ ಸಂಸ್ಥೆಯವರು ಕ್ಯಾನ್ಸರ್ ಚಿಕಿತ್ಸೆಗೆಂದು ದೂರದಿಂದ ಬಂದ ಬಡಮಕ್ಕಳಿಗೆ ಹೆತ್ತವರೊಂದಿಗೆ ಇರಲು ಕೋಣೆಗಳನ್ನು ಕೊಡಲಾರಂಭಿಸಿದರು. ಅಡಿಗೆಯ ಮನೆಯು ಎಲ್ಲರಿಗೂ ಒಂದೇ. ತಾಯಂದಿರು ತಮ್ಮ ಮಕ್ಕಳಿಗೆ ತಾವೇ ಬೇಯಿಸುತ್ತಾರೆ. ನಮಗೆ ಬೇಕಾದದ್ದು ಹೆಚ್ಚುಕಡಿಮೆ ಇಂಥದೇ.

ಊಟ ಒಲ್ಲದ ರೋಗದ ಮಕ್ಕಳಿಗೆ ಅಂಥ ಮನೆಯು ಹೇಗಿರಬೇಕು? ಆಸ್ಪತ್ರೆಗೆ ಆಟೋದಲ್ಲಿ ಹೋಗುವಷ್ಟು ಸಮೀಪದಲ್ಲಿರಬೇಕು. ಮೂರು ನಾಲ್ಕು ಮಕ್ಕಳಿಗಿಂತ ಹೆಚ್ಚು ಇರಬಾರದು. ಹತ್ತು ಮಂದಿ ಸೇರಿದರೆ ಯಾರು ಕಡಿಮೆ ಉಣ್ಣುವರೆಂಬ ಪಂದ್ಯವೇ ಹುಟ್ಟೀತು. ಹುಡುಗರಿಗೆ ಬೇರೆ ಮನೆ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಾರಿ ಹಾಲೋ ಬಾಳೆಹಣ್ಣೋ ಕಡಲೆಮಿಠಾಯಿಯೋ, ಹೊತ್ತು ತಪ್ಪಕೂಡದು. ಎಷ್ಟು ಬಡಿಸಬೇಕೆಂಬದನ್ನು ಡಾಕ್ಟರು ಬರೆದುಕೊಡುವರು, ತಾಯಿ ಬಡಿಸುವಳು, ಮಗುವಿನೊಡನೆ ಚೌಕಾಸಿಯಿಲ್ಲ. ಬೇರೆ ಊಟ, ಪಥ್ಯದ ಊಟ ಎಂಬದಿಲ್ಲ: ಮನೆಯವರಿಗೆ ಮುದ್ದೆ ಬಸ್ಸಾರಾದರೆ ಅವಳಿಗೂ ಮುದ್ದೆ ಬಸ್ಸಾರು. ಜೊತೆಯಲ್ಲಿ ದೊಡ್ಡವರೊಬ್ಬರು ಕೂತು ತಾವೂ ಉಣ್ಣಬೇಕು. ಕಾವಲುಗಾರನಂತೆ ನಿಂತು ನೋಡುವದು ಬೇರೆ, ಜೊತೆಯಲ್ಲಿ ಉಣ್ಣುವದು ಬೇರೆ. ತುತ್ತು ಗಂಟಲಲ್ಲಿ ನಿಂತು ಕಣ್ಣೀರು ಬಂದಾಗ, “ಇದು ನಿನ್ನ ಔಷಧ ಕಣಮ್ಮಾ, ನಿಧಾನವಾಗಿ ಉಣ್ಣು, ನಾನು ಇಲ್ಲೇ ಇರುತ್ತೇನೆ” ಎಂದರೆ ಸಾಕು. ಗದರುವದೂ ಬೇಡ, ಬೇಡಿಕೊಳ್ಳುವದೂ ಬೇಡ. ಏಲೀಯನು ಜಾಲಿಯ ಗಿಡದ ಕೆಳಗೆ ಸಾವನ್ನು ಬಯಸಿ ಮಲಗಿದಾಗ ದೂತನು ಪ್ರಸಂಗ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ತೋರಿಸಿದನು, ಮಲಗಿದವನನ್ನು ಮತ್ತೆ ಎಬ್ಬಿಸಿ ಮತ್ತೆ ಉಣ್ಣೆಂದನು.

ಊಟವಾದ ಮೇಲಿನ ಒಂದು ತಾಸು ಊಟಕ್ಕಿಂತಲೂ ಕಷ್ಟದ್ದು. ಆಗ ಮನಸ್ಸು ಕುದಿಯುತ್ತದೆ. ವಾಂತಿ ಮಾಡುವ ಅಭ್ಯಾಸವಿದ್ದವರು ಬಚ್ಚಲ ಕಡೆ ನೋಡುತ್ತಾರೆ. ಆ ತಾಸಿನಲ್ಲಿ ಬಚ್ಚಲ ಬಾಗಲಿಗೆ ಬೀಗವಿರಲಿ, ಎಲ್ಲರೂ ನಡುಮನೆಯಲ್ಲಿ ಕೂಡಲಿ. ಚೌಕಾಬಾರ, ಅಳಗುಳಿಮಣೆ ಆಡಲಿ, ಹೂ ಕಟ್ಟಲಿ, ಶಾಲೆಯ ಪಾಠ ಓದಲಿ. ಮನೆಯಲ್ಲಿ ತೂಕದ ಯಂತ್ರ ಇರಬಾರದು, ನಿಲುವುಗನ್ನಡಿ ಇರಬಾರದು. ತೂಕ ನೋಡುವದು ಆಸ್ಪತ್ರೆಯ ಕೆಲಸ. ದಪ್ಪ, ತೆಳ್ಳಗೆ, ಕಪ್ಪು, ಬಿಳುಪು ಎಂಬ ಮಾತುಗಳು ಹೊಸ್ತಿಲಾಚೆಯೇ ಇರಲಿ. ನೋಡಲು ಬಂದ ನೆಂಟರು “ಈಗ ಮೈ ಕೈ ತುಂಬಿಕೊಂಡಿದ್ದೀಯ” ಎಂದು ಪ್ರೀತಿಯಿಂದ ಹೇಳುವ ಮಾತೇ ಒಂದು ವಾರದ ಚಿಕಿತ್ಸೆಯನ್ನು ಕೆಡಿಸಬಲ್ಲದು. ಇದನ್ನು ನೆಂಟರಿಗೆ ಬಾಗಲಲ್ಲಿಯೇ ಹೇಳಿಬಿಡಬೇಕು, ಕೋಪಿಸಿಕೊಂಡರೆ ಕೋಪಿಸಿಕೊಳ್ಳಲಿ. ಬಂದ ದಿನವೇ ಹೋಗುವ ದಿನದ ಮಾತನ್ನೂ ಆಡಿರಬೇಕು. ಎರಡು ತಿಂಗಳೋ ಮೂರು ತಿಂಗಳೋ ಡಾಕ್ಟರು ಹೇಳಲಿ. ಕೊನೆಯಿಲ್ಲದ ಛತ್ರವಾಸವು ತಾಯಿಗೂ ಮಗಳಿಗೂ ಒಳ್ಳೆಯದಲ್ಲ.

ಮೂರ್ಛೆ ಬಂದರೆ, ಎದೆ ನೋವು ಬಂದರೆ, ಕಾಲು ಊದಿಕೊಂಡರೆ, ವಾಂತಿಯಲ್ಲಿ ರಕ್ತ ಕಂಡರೆ, ಸಾಯುವ ಮಾತನ್ನಾಡಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರಕೊಂಡು ಹೋಗತಕ್ಕದ್ದು. ತಂಗುವ ಮನೆಯು ಆಸ್ಪತ್ರೆಯಲ್ಲ.

ಸಭೆಯವರು ಉತ್ಸಾಹದಿಂದ ನಾಳೆಯೇ ಫಲಕ ಬರೆಯಿಸಿ ಇಂಥ ಮನೆಯನ್ನು ತೆರೆಯಬಹುದೋ? ಬಾರದು. ಮನೋರೋಗಿಗಳನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆಯು ಆ 2017ರ ಕಾಯಿದೆಯ ಪ್ರಕಾರ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಆದರೆ ರೋಗಿಯು ತನ್ನ ಬಂಧುಗಳೊಡನೆಯೋ ಸ್ನೇಹಿತರೊಡನೆಯೋ ವಾಸಮಾಡುವ ಸಂಸಾರದ ಮನೆಗೆ ಆ ಕಟ್ಟಳೆಯಿಲ್ಲ. ಆದದರಿಂದ ನಮ್ಮಂಥವರ ಕೈಗೆ ಎಟುಕುವದು ಸಣ್ಣ ಕೆಲಸ: ಪಟ್ಟಣದ ಸಭೆಯಲ್ಲಿ ಒಂದು ಮನೆಯವರು ಒಲೆಯಿರುವ ಒಂದು ಕೋಣೆಯನ್ನು ಒಬ್ಬ ತಾಯಿಗೂ ಅವಳ ಮಗುವಿಗೂ ಮೂರು ತಿಂಗಳ ಮಟ್ಟಿಗೆ ಬಿಟ್ಟುಕೊಡುವದು. ದೊಡ್ಡದನ್ನು ಮಾಡಬೇಕೆನ್ನುವವರು ಮೊದಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗಳನ್ನು ಕಂಡು ಕೇಳಲಿ.

ಆ ಎರಡು ನಾಣ್ಯಗಳ ಪಾಲು ಹಳ್ಳಿಯ ಸಭೆಯದು. ಹಿಡಿ ಅಕ್ಕಿಯ ಕಾಣಿಕೆಯು ನಮ್ಮಲ್ಲಿ ಹೊಸದಲ್ಲ. ಒಂದು ತಿಂಗಳ ಹಿಡಿ ಅಕ್ಕಿ, ಸುಗ್ಗಿಯ ಕಾಣಿಕೆಯಲ್ಲಿ ಒಂದು ಚೀಲ ರಾಗಿ, ಅವರೆಕಾಯಿಯ ಕಾಲದಲ್ಲಿ ಒಂದು ಬುಟ್ಟಿ ಅವರೆ, ಬಸ್ಸಿನಲ್ಲಿ ಕಳುಹಿಸಿದರೆ ಆ ಕೋಣೆಯ ಒಲೆಯು ಉರಿಯುವದು. ಇದಕ್ಕಿಂತಲೂ ಹೆಚ್ಚಿನದು ಹಿಂದೆ ಉಳಿದ ಮನೆಯ ಕೆಲಸ. ತಾಯಿಯು ನಿಶ್ಚಿಂತೆಯಾಗಿ ಪಟ್ಟಣದಲ್ಲಿ ಇರಬೇಕಾದರೆ ಹಸುವನ್ನು ಒಬ್ಬರು ನೋಡಿಕೊಳ್ಳಲಿ, ಕಿರಿಯ ಮಕ್ಕಳಿಗೆ ವಾರಾನ್ನದ ರೀತಿಯಲ್ಲಿ ಏಳು ಮನೆಗಳವರು ಸರದಿಯಿಂದ ಊಟ ಹಾಕಲಿ. ಏನು ಕಾಯಿಲೆ, ಯಾಕೆ ಬಂತು ಎಂದು ಬಾವಿಕಟ್ಟೆಯಲ್ಲಿ ಕೇಳುವದು ಬೇಡ. ಪಟ್ಟಣದಲ್ಲಿ ಯಾವಳೋ ಒಬ್ಬಳು ಕೆಟ್ಟುಹೋದಳೆಂಬ ಸುದ್ದಿಯು ಇಂಥ ಪ್ರಶ್ನೆಗಳಿಂದಲೇ ಹುಟ್ಟುವದು. ಆಮೇಲೆ ಮದುವೆಯ ಮಾತು ಬಂದಾಗ ಅದು ಎದ್ದು ನಿಲ್ಲುವದು. ಈ ಭಯದಿಂದಲೇ ಎಷ್ಟೋ ಹೆತ್ತವರು ಮಗಳನ್ನು ಆಸ್ಪತ್ರೆಗೆ ಕರೆದೊಯ್ಯದೆ ಕೋಣೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಯಾರನ್ನು ಕೇಳಬೇಕೆಂದು ತಿಳಿಯದವರು 14416 ಎಂಬ ನಂಬರಿಗೆ ಫೋನು ಮಾಡಬಹುದು. ಇದು 2022ರಲ್ಲಿ ಭಾರತ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಆಸ್ಪತ್ರೆಗೆ ಹೋಗುವಾಗ ಮುಟ್ಟು ನಿಂತ ತಿಂಗಳು, ಬಟ್ಟೆ ಸಡಿಲವಾದ ಕಾಲ, ಒಂದು ದಿನದಲ್ಲಿ ನಿಜವಾಗಿ ಉಂಡದ್ದೆಷ್ಟು, ಇವನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರಿಗೆ ಅನುಕೂಲ. ಓದು ಬಾರದ ತಾಯಂದಿರಿಗೆ ಉಪದೇಶಿಗಳು ಬರೆದುಕೊಡಲಿ. ಬರೆದದ್ದನ್ನು ತಮ್ಮ ಮನೆಯಲ್ಲಿಯೂ ಹೇಳದಿರಲಿ.

ಹುಡುಗಿಯು ಊರಿಗೆ ಹಿಂದಿರುಗಿದ ಮೇಲೆ ಮೊದಲ ತಿಂಗಳುಗಳಲ್ಲಿ ಶಾಲೆಗೋ ಕಾಲೇಜಿಗೋ ಹೋಗುವ ಅವಸರಕ್ಕಿಂತ ಊಟದ ಹೊತ್ತು ಮುಖ್ಯ. ತೂಕವನ್ನು ವಾರಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನವರು ನೋಡಿ ಪುಸ್ತಕದಲ್ಲಿ ಬರೆಯಲಿ. ಅಂಕಿಯನ್ನು ಹುಡುಗಿಗೆ ಹೇಳಬೇಕೋ ಬೇಡವೋ ಎಂಬದನ್ನು ಡಾಕ್ಟರನ್ನೇ ಕೇಳಿಕೊಳ್ಳಲಿ. ಎರಡು ವಾರ ಸೇರಿ ಇಳಿದರೆ ಹಬ್ಬ ಕಳೆಯಲಿ, ಕುಯ್ಲು ಮುಗಿಯಲಿ ಎನ್ನದೆ ಮೈಸೂರಿನ ಬಸ್ಸು ಹತ್ತಬೇಕು. ತಾಯಿಯು ಹೊಲಕ್ಕೆ ಹೋಗುವ ದಿನಗಳಲ್ಲಿ ಮಧ್ಯಾಹ್ನದ ಪಂಕ್ತಿಗೆ ಜೊತೆಯಾಗಿ ಕೂಡುವವರು ಅಜ್ಜಿಯೋ ಚಿಕ್ಕಮ್ಮನೋ ಎಂಬದನ್ನು ಅವಳು ಊರಿಗೆ ಬರುವದಕ್ಕೆ ಮೊದಲೇ ಗೊತ್ತುಮಾಡಿ ಇಟ್ಟಿರತಕ್ಕದ್ದು.